ತೋರಿಸ್ತು ಹೇಳಿದ್ಯಲ

"ತೋರಿಸ್ತು ಹೇಳಿದ್ಯಲ ತಮಾ, ಎಂತೂ ತೋರಿಸಿದ್ದಿಲ್ಲೆ?"

ಮೂರು ದಿನವಾಯ್ತು, ಮಾವನ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಶಿರಸಿಯಲ್ಲಿ ಅವರದ್ದೊಂದು ಅಡಿಕೆ ವಖಾರಿ. ರಾಶಿ, ಚಾಲಿ, ಬೆಟ್ಟೆ, ಯಾರದ್ದು ಎಷ್ಟು ಚೀಲ ಬಂತು ಅಂತ ಚೀಟಿ ಮಾಡೋದಕ್ಕೆ ನಾನೇ ಒಂದು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಕಲಿಯುವಾಗ ಮಾವ ಸುಮ್ನೆ ಹೊಡೆದ ಚೀಟಿಗಳು ಅದರಲ್ಲೇ ಉಳಿದಿದ್ದವು. ಒಂದೊಂದೇ ಅಳಿಸುವ ತಾಳ್ಮೆ ನನಗೆಲ್ಲಿದೆ? ಟೈಪ್ ಮಾಡಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಪವರ್‌ಶೆಲ್‌ನಲ್ಲಿ 'ರಿಮೂವ್-ಚೀಟಿ' ಅಂತ ಕಮಾಂಡ್ ಬರೆದೆ. ಡಿಲೀಟ್ ಅಂತ ಇಡಬಾರದು, ಅಲ್ಲಿನ ಒಪ್ಪಿತ ಪದಗಳ ಪಟ್ಟಿಯಲ್ಲಿರೋದು ರಿಮೂವ್. ನನ್ನ ಶಿಸ್ತೆಲ್ಲ ಹೆಸರಿಡೋದರಲ್ಲೇ ಮುಗಿಯಿತು.

ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡದಾಗಿ ಹೇಳಿದೆ. ಕೊನೆಗೆ 'ವಾಟ್‌ಇಫ್' ಅಂತ ಸೇರಿಸಿದರೆ ಏನೂ ಅಳಿಯೋದಿಲ್ಲ, ಏನೇನು ಅಳಿಯಬಹುದು ಅಂತ ತೋರಿಸುತ್ತೆ ಅಷ್ಟೆ. ಎಂಟರ್ ಒತ್ತಿದೆ. ಕರ್ಸರ್ ಮುಂದಿನ ಸಾಲಿಗೆ ಬಂದು ಮಿಣುಕುತ್ತಾ ನಿಂತಿತು. ಪರದೆ ಮೇಲೆ ಒಂದಕ್ಷರ ಇಲ್ಲ. 43 ಚೀಟಿ ಮಾಯ.

ಆಗ ಬಂತು ಆ ಮಾತು. ಸಿಟ್ಟಿನಿಂದಲ್ಲ. ನಿಜವಾಗಿಯೂ ಕೇಳಿದ್ದು. ಅದೇ ಜಾಸ್ತಿ ಚುಚ್ಚಿತು.

ತಪ್ಪು ಇಷ್ಟೇ. ಕಮಾಂಡಿನ ತಲೆಯಲ್ಲಿ 'ಸಪೋರ್ಟ್ಸ್‌ಶುಡ್‌ಪ್ರಾಸೆಸ್' ಅಂತ ಬರೆದಿದ್ದೆ. ಅದನ್ನು ಬರೆದರೆ ವಾಟ್‌ಇಫ್ ಅನ್ನೋ ಆಯ್ಕೆ ತಾನಾಗಿ ಬರುತ್ತೆ. ಆದರೆ ಅಳಿಸುವ ಸಾಲಿಗೆ ಮೊದಲು 'ಶುಡ್‌ಪ್ರಾಸೆಸ್' ಕರೆದು, ಅದು ಹೂಂ ಅಂದರೆ ಮಾತ್ರ ಮುಂದುವರಿಯಬೇಕು. ಆ ಒಂದು 'ಇಫ್' ನಾನು ಹಾಕಿರಲಿಲ್ಲ. ನೇರ ಡೇಟಾಬೇಸಿಗೆ ಕೈ ಹಾಕಿದ್ದೆ. ಬಾಗಿಲಿಗೆ 'ಕೇಳಿ ಒಳಗೆ ಬನ್ನಿ' ಅಂತ ಬೋರ್ಡು, ಒಳಗೆ ಕೇಳುವವರೇ ಇಲ್ಲ.

ಮಾವನ ಖಾತೆ ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು. ತಪ್ಪಾದ ಸಾಲಿಗೆ ಒಂದೇ ಕೆಂಪು ಗೆರೆ, ಪಕ್ಕದಲ್ಲಿ 'ರದ್ದು', ಸಣ್ಣ ಸಹಿ. ಗೆರೆಯಡಿಯ ಅಂಕಿ ಈಗಲೂ ಓದಬಹುದು. ಇದಕ್ಕೇ ಅವರನ್ನು ಹಳೇ ಕಾಲದವರು ಅಂತ ನಾನು ನಗಾಡುತ್ತಿದ್ದದ್ದು.

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬಚಾವಾದೆ. ಬೆಳಿಗ್ಗೆಯ ಚೀಟಿಗಳನ್ನು ಮಾವ ಪುಸ್ತಕ ನೋಡಿ ಓದಿದರು, ನಾನು ಟೈಪ್ ಮಾಡಿದೆ. "ಅಡ್ಡಿಲ್ಲೆ" ಅಂದರು. ಅಡ್ಡಿ ಇತ್ತು, ನನಗೆ ಗೊತ್ತು.

ಇಫ್ ಹಾಕಿ ಮತ್ತೆ ಓಡಿಸಿದೆ. ಈ ಸಲ 43 ಸಾಲು ಸಾಲಾಗಿ ಬಂತು. ಮಾವ ಪ್ರಿಂಟ್ ತೆಗೆಸಿಕೊಂಡು, ಕನ್ನಡಕ ಏರಿಸಿ, ಕೆಂಪು ಪೆನ್ನಿನಲ್ಲಿ ಒಂದೊಂದೇ ಟಿಕ್ ಹಾಕುತ್ತಾ ಹೋದರು. ಮೂವತ್ತೊಂದಕ್ಕೆ ಪೆನ್ನು ನಿಂತಿತು.

"ಇದು ಖರೇದು. ತೆಗೆಯಡ."