ಸ್ಟಾರ್ ಸಂಬಳದ ಬಿಲ್ ನಡುವಿನವರ ತಲೆಗೆ

ಟೊರಾಂಟೊದಲ್ಲಿ ಕ್ರೀಡಾ ಮಾಹಿತಿ ಒದಗಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ನನ್ನ ಪಾಲಿಗೆ ಬಂದಿರುವುದು ಎನ್‌ಎಚ್‌ಎಲ್, ಅಂದರೆ ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್. 32 ತಂಡಗಳ ಆಟಗಾರರಲ್ಲಿ ಯಾರಿಗೆ ಎಷ್ಟು ಸಂಬಳ, ಎಷ್ಟು ವರ್ಷದ ಒಪ್ಪಂದ, ಬೇರೆ ತಂಡಕ್ಕೆ ಕಳಿಸಬಹುದೋ ಇಲ್ಲವೋ, ಇದೆಲ್ಲವನ್ನೂ ಶೀಟಿಗೆ ಏರಿಸಿ ದಿನಾ ತಿದ್ದುತ್ತಾ ಇರಬೇಕು. ಆಟ ನೋಡಿ ಖುಷಿಪಡುವವರಿಗೆ ಇದು ಒಣ ಲೆಕ್ಕ ಅನ್ನಿಸಬಹುದು. ಆದರೆ ಒಂದು ತಂಡ ಯಾಕೆ ಗೆಲ್ಲುತ್ತದೆ, ಯಾಕೆ ಮುಗ್ಗರಿಸುತ್ತದೆ ಅನ್ನುವುದು ನನಗೆ ಮೊದಲು ಅರ್ಥವಾಗಿದ್ದು ಈ ಶೀಟಿನಲ್ಲೇ.

ಮೊದಲು ನಿಯಮ ಹೇಳಿಬಿಡುತ್ತೇನೆ. ಸಂಬಳಕ್ಕೆ ಮಿತಿ ಬೇಕೋ ಬೇಡವೋ ಎಂದು ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ 2004-05ರ ಇಡೀ ಸೀಸನ್ನೇ ರದ್ದಾಯಿತು. ಕೊನೆಗೆ ಮಾಲೀಕರ ಮಾತು ನಡೆಯಿತು. 2005-06ರಲ್ಲಿ ಒಂದು ತಂಡದ ಸಂಬಳದ ಮಿತಿ 3.9 ಕೋಟಿ ಡಾಲರ್ ಇತ್ತು. 2025-26ಕ್ಕೆ ಅದು 9.55 ಕೋಟಿ ಡಾಲರ್‌ಗೆ ಬಂತು. ಇದನ್ನು ಕ್ಯಾಪ್ ಅನ್ನುತ್ತಾರೆ. ದಂಡ ಕಟ್ಟಿ ಮೀರುತ್ತೇನೆ ಅಂದರೆ ಇಲ್ಲಿ ನಡೆಯುವುದಿಲ್ಲ. ಒಬ್ಬನೇ ಆಟಗಾರನಿಗೆ ಕ್ಯಾಪಿನ ಶೇ. 20ಕ್ಕಿಂತ ಜಾಸ್ತಿ ಕೊಡುವ ಹಾಗೂ ಇಲ್ಲ. ಈ ಮಿತಿಯೊಳಗೇ 23 ಜನರ ತಂಡ ನಡೆಯಬೇಕು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ, 2024ರ ಅಕ್ಟೋಬರ್ ಹರಾಜಿನಲ್ಲಿ ಪುರುಷರ ಪ್ರತಿ ತಂಡಕ್ಕೆ 4 ಕೋಟಿ ರೂಪಾಯಿ ಇತ್ತು. ಸೂರ್ಮಾ ಹಾಕಿ ಕ್ಲಬ್ ಅದರಲ್ಲಿ 78 ಲಕ್ಷವನ್ನು ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ ಕೊಟ್ಟಿತು. ಲೆಕ್ಕ ಹಾಕಿದರೆ ಶೇ. 19.5. ಹೆಚ್ಚುಕಡಿಮೆ ಎನ್‌ಎಚ್‌ಎಲ್ ಹಾಕಿರುವ ಗೆರೆಯ ಹತ್ತಿರವೇ ಬಂದು ನಿಂತಿದೆ. ಆದರೆ ನಮ್ಮ ಹರಾಜಿನ ಲೀಗ್‌ಗಳಲ್ಲಿ ತಂಡವನ್ನು ಮತ್ತೆ ಕಟ್ಟಿಕೊಳ್ಳುವ ಅವಕಾಶ ಬೇಗ ಬರುತ್ತದೆ. ಎನ್‌ಎಚ್‌ಎಲ್‌ನಲ್ಲಿ ದೊಡ್ಡ ಆಟಗಾರನ ಒಪ್ಪಂದ ಸಾಮಾನ್ಯವಾಗಿ ಹಲವು ವರ್ಷದ್ದು. ಒಮ್ಮೆ ಸಹಿ ಬಿತ್ತೆಂದರೆ ಅಷ್ಟೂ ವರ್ಷ ಅದು ತಂಡದ ಲೆಕ್ಕದಲ್ಲಿ ಕೂತಿರುತ್ತದೆ.

ನಮ್ಮ ವಿಭಾಗಕ್ಕೆ ಹಾಸನದ ಹುಡುಗನೊಬ್ಬ ಹೊಸದಾಗಿ ಸೇರಿದ್ದಾನೆ. ಬಂದ ಮೊದಲ ವಾರವೇ, "ಅಣ್ಣ, ಮಾರ್ನರ್‌ಗೆ ಅಷ್ಟೊಂದು ಕೊಟ್ಟಿದ್ದೇ ತಪ್ಪಲ್ವಾ?" ಅಂದ. ಮಾರ್ನರ್ ಅಂದರೆ ಈ ಊರಿನ ಮೇಪಲ್ ಲೀಫ್ಸ್ ತಂಡದಲ್ಲಿದ್ದ ದೊಡ್ಡ ಸಂಬಳದ ಆಟಗಾರ. ಇಲ್ಲಿ ಟ್ಯಾಕ್ಸಿ ಹತ್ತಿದರೂ ಇದೇ ಪ್ರಶ್ನೆ, ಕ್ಷೌರದ ಅಂಗಡಿಗೆ ಹೋದರೂ ಇದೇ ಪ್ರಶ್ನೆ. ನಾನು ಅವನಿಗೆ, "ಸಂಬಳದ ಪಟ್ಟಿಯಲ್ಲಿ ಮೇಲಿನ ನಾಲ್ಕು ಹೆಸರು ಬಿಡಪ್ಪ. ಆರನೆಯದರಿಂದ ಹದಿನೈದನೆಯದರವರೆಗೆ ಯಾರಿದ್ದರು, ಅವರು ಈಗ ಎಲ್ಲಿದ್ದಾರೆ, ಅದನ್ನ ನೋಡು" ಅಂದೆ.

ಆ ನಾಲ್ಕು ಹೆಸರಿನ ಕಥೆ ಹೀಗಿದೆ. 2018ರ ಜುಲೈ 1ರಂದು ಜಾನ್ ಟವಾರೆಸ್ ಟೊರಾಂಟೊ ಮೇಪಲ್ ಲೀಫ್ಸ್‌ಗೆ ಬಂದರು. 7 ವರ್ಷ, ವರ್ಷಕ್ಕೆ 1.1 ಕೋಟಿ ಡಾಲರ್. ತವರಿನ ತಂಡಕ್ಕೆ ದೊಡ್ಡ ಆಟಗಾರ ಬಂದರೆಂದು ಊರಿಗೆ ಊರೇ ಕುಣಿದಾಡಿತು. ಆಗ ತಂಡದಲ್ಲೇ ಬೆಳೆದ ಮೂವರು ಹುಡುಗರ ಮೊದಲ ದೊಡ್ಡ ಒಪ್ಪಂದ ಇನ್ನೂ ಬಾಕಿ ಇತ್ತು. ಅದೇ ಡಿಸೆಂಬರ್ 1ರಂದು, ಗಡುವು ಮುಗಿಯಲು ನಿಮಿಷಗಳಿರುವಾಗ ವಿಲಿಯಂ ನೈಲ್ಯಾಂಡರ್ ಸಹಿ ಹಾಕಿದರು, ಸುಮಾರು 70 ಲಕ್ಷ ಡಾಲರ್. 2019ರ ಫೆಬ್ರವರಿಯಲ್ಲಿ ಆಸ್ಟನ್ ಮ್ಯಾಥ್ಯೂಸ್, 1.16 ಕೋಟಿ. ಸೆಪ್ಟೆಂಬರ್‌ನಲ್ಲಿ ಮಿಚ್ ಮಾರ್ನರ್, 1.09 ಕೋಟಿ. ನಾಲ್ವರದ್ದೂ ಸೇರಿ 4.05 ಕೋಟಿ. ಆ ವರ್ಷದ ಕ್ಯಾಪ್ 8.15 ಕೋಟಿ. ನಾಲ್ಕು ಫಾರ್ವರ್ಡ್‌ಗಳಿಗೇ ಅರ್ಧ ಹಣ ಹೋಯಿತು. ಗೋಲ್‌ಕೀಪರ್, ಇಡೀ ಡಿಫೆನ್ಸ್, ಉಳಿದ ಫಾರ್ವರ್ಡ್‌ಗಳು ಎಲ್ಲರೂ ಇನ್ನರ್ಧದಲ್ಲಿ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಸಹಿ ಬಿದ್ದ ಕ್ರಮ. ಹೊರಗಿಂದ ಬಂದವರಿಗೆ ಮೊದಲೇ 1.1 ಕೋಟಿ ಕೊಟ್ಟ ಮೇಲೆ, ಮನೆಯಲ್ಲೇ ಬೆಳೆದ ಹುಡುಗನ ಏಜೆಂಟ್ ಎದುರು ಕೂತು "ಸ್ವಲ್ಪ ಕಡಿಮೆ ಮಾಡಿಕೊಳ್ಳಿ" ಅನ್ನಲು ಯಾವ ಮ್ಯಾನೇಜರ್‌ಗೂ ಬಾಯಿ ಬರುವುದಿಲ್ಲ. ಅದೇ ಕಾಲದ ಬಾಸ್ಟನ್ ಬ್ರೂಯಿನ್ಸ್ ನೋಡಿ. ಅವರ ಮೊದಲ ಲೈನಿನ, ಅಂದರೆ ಒಟ್ಟಿಗೆ ಕಣಕ್ಕಿಳಿಯುವ ಮೂವರು ಫಾರ್ವರ್ಡ್‌ಗಳಲ್ಲಿ ಪ್ಯಾಟ್ರಿಸ್ ಬರ್ಜೆರಾನ್‌ಗೆ 68.75 ಲಕ್ಷ, ಬ್ರ್ಯಾಡ್ ಮಾರ್ಚಾಂಡ್‌ಗೆ 61.25 ಲಕ್ಷ, ಡೇವಿಡ್ ಪಾಸ್ಟ್ರನಾಕ್‌ಗೆ ಸುಮಾರು 66.7 ಲಕ್ಷ ಡಾಲರ್. ಮೂವರಿಗೂ ಸೇರಿ 2 ಕೋಟಿ ಇಲ್ಲ. ಹಿರಿಯ ಬರ್ಜೆರಾನ್ ಮೊದಲು ಒಪ್ಪಿದ ಅಂಕಿಯೇ ಆ ಲೈನಿನ ಮೇಲ್ಮಿತಿ ಆಯಿತು ಅಂತ ನನ್ನ ನಂಬಿಕೆ. 2019ರಲ್ಲಿ ಬಾಸ್ಟನ್ ಮೊದಲ ಸುತ್ತಿನಲ್ಲಿ ಟೊರಾಂಟೊವನ್ನು ಮನೆಗೆ ಕಳಿಸಿ, ಏಳು ಪಂದ್ಯಗಳ ಫೈನಲ್‌ನ ಕೊನೆಯ ಪಂದ್ಯದವರೆಗೂ ಹೋಯಿತು. ಮುಂದೆ 2023ರಲ್ಲಿ ಪಾಸ್ಟ್ರನಾಕ್ ವರ್ಷಕ್ಕೆ 1.125 ಕೋಟಿಗೆ ಸಹಿ ಹಾಕಿದರು. ಅದೇ ವರ್ಷ ಬರ್ಜೆರಾನ್ ನಿವೃತ್ತರಾದರು.

ಟೊರಾಂಟೊದಲ್ಲಿ ಹಣ ಸಾಲದೇ ಹೋದಾಗ ಯಾರು ಹೋದರು? 2019ರ ಜೂನ್‌ನಲ್ಲಿ ಮೊದಲು ಹೋದದ್ದು ಪ್ಯಾಟ್ರಿಕ್ ಮಾರ್ಲೋ. ಅವರ ಒಪ್ಪಂದದಲ್ಲಿ ಇನ್ನೊಂದೇ ವರ್ಷ ಬಾಕಿ ಇತ್ತು, 62.5 ಲಕ್ಷ. ಆ ಒಂದು ವರ್ಷದ ಭಾರ ಇಳಿಸಲು ಟೊರಾಂಟೊ, ಅವರ ಜೊತೆ ತನ್ನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೂ, ಅಂದರೆ ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸುವ ಸರದಿಯನ್ನೂ, ಕ್ಯಾರೊಲೈನಾ ತಂಡಕ್ಕೆ ಕೊಟ್ಟಿತು. ಕ್ಯಾರೊಲೈನಾ ಮಾರ್ಲೋ ಅವರನ್ನು ಬಯೌಟ್ ಮಾಡಿತು, ಅಂದರೆ ಹಣ ಕೊಟ್ಟು ಒಪ್ಪಂದ ಮುಗಿಸಿಬಿಟ್ಟಿತು. ಆ ಆಯ್ಕೆಯಲ್ಲಿ 2020ರಲ್ಲಿ 13ನೆಯವರಾಗಿ ಸೆತ್ ಜಾರ್ವಿಸ್ ಅವರನ್ನು ಆರಿಸಿಕೊಂಡಿತು. ಜಾರ್ವಿಸ್ ಇವತ್ತು ಕ್ಯಾರೊಲೈನಾದ ಆಧಾರದ ಆಟಗಾರರಲ್ಲಿ ಒಬ್ಬರು. ಬರೀ ಜಾಗ ಖಾಲಿ ಮಾಡಲು ಕೊಟ್ಟ ಬೆಲೆ ಅದು.

ಆಮೇಲೆ ನಜೀಮ್ ಕಾದ್ರಿ. ವರ್ಷಕ್ಕೆ 45 ಲಕ್ಷ, 2022ರವರೆಗೆ ಒಪ್ಪಂದ. ಮೂರನೇ ಲೈನಿನ ಸೆಂಟರ್‌ಗೆ, ಅಂದರೆ ಲೈನಿನ ನಡುವೆ ಆಡುವ ಫಾರ್ವರ್ಡ್‌ಗೆ, ಇದಕ್ಕಿಂತ ಒಳ್ಳೆಯ ಒಪ್ಪಂದ ಸಿಗುವುದು ಕಷ್ಟ. ಬಾಸ್ಟನ್ ವಿರುದ್ಧ ಎರಡು ವರ್ಷ ಸಾಲಾಗಿ ಪ್ಲೇಆಫ್‌ನಲ್ಲಿ ಅಮಾನತಾಗಿದ್ದೂ ಅವರನ್ನು ಕಳಿಸಲು ಒಂದು ಕಾರಣ, ಅದನ್ನು ಮರೆಮಾಚಬಾರದು. 2019ರ ಜುಲೈ 1ರಂದು ಅವರು ಕೊಲರಾಡೊಗೆ ಹೋದರು. 2021-22ರಲ್ಲಿ ಗೋಲು ಮತ್ತು ಗೋಲಿಗೆ ನೆರವು ಎರಡೂ ಸೇರಿ 87 ಪಾಯಿಂಟ್ ಗಳಿಸಿದರು. 2022ರ ಫೈನಲ್‌ನ ನಾಲ್ಕನೇ ಪಂದ್ಯ, ಟ್ಯಾಂಪಾದಲ್ಲಿ. ಹೆಬ್ಬೆರಳಿಗೆ ಪೆಟ್ಟಾಗಿ ಹೊರಗಿದ್ದ ಕಾದ್ರಿ ಆ ದಿನವೇ ತಂಡಕ್ಕೆ ಮರಳಿದ್ದರು. ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಅವರದೇ. ಪಕ್, ಅಂದರೆ ಚೆಂಡಿನ ಜಾಗದಲ್ಲಿ ಬಳಸುವ ಬಿಲ್ಲೆ, ನೆಟ್ಟಿನ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿದ್ದರಿಂದ ಗೋಲಾಯಿತೋ ಇಲ್ಲವೋ ಅಂತ ಒಂದು ಗಳಿಗೆ ಯಾರಿಗೂ ಗೊತ್ತಾಗಲಿಲ್ಲ. ಆ ವರ್ಷ ಲೀಗಿನ ಕಪ್ ಕೊಲರಾಡೊ ಪಾಲಾಯಿತು.

ಆ ದಿನ ಎದುರಿಗಿದ್ದ ಟ್ಯಾಂಪಾದ್ದೂ ಅದೇ ಗೋಳು. 2020 ಮತ್ತು 2021ರಲ್ಲಿ ಅವರು ಸಾಲಾಗಿ ಕಪ್ ಗೆದ್ದಾಗ ಕುಚೆರೋವ್, ಬ್ರೇಡನ್ ಪಾಯಿಂಟ್, ಹೆಡ್ಮನ್, ವಸಿಲೆವ್ಸ್ಕಿ ಹೆಸರುಗಳೇ ಎಲ್ಲರ ಬಾಯಲ್ಲಿ. ಆದರೆ ಎದುರಾಳಿಯ ದೊಡ್ಡ ಆಟಗಾರರನ್ನು ಪಂದ್ಯವಿಡೀ ಕಟ್ಟಿಹಾಕುತ್ತಿದ್ದದ್ದು ಗೂರ್ಡ್, ಕೋಲ್ಮನ್, ಗುಡ್ರೋ ಇದ್ದ ಮೂರನೇ ಲೈನ್. ಕೋಲ್ಮನ್‌ಗೆ 18 ಲಕ್ಷ, ಗುಡ್ರೋಗೆ 9.25 ಲಕ್ಷ ಅಷ್ಟೇ. 2021ರ ಬೇಸಿಗೆಯಲ್ಲಿ ಮೂವರೂ ಹೋದರು. ಹೊಸ ತಂಡ ಹಳೆಯ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವ ಎಕ್ಸ್‌ಪಾನ್ಷನ್ ಡ್ರಾಫ್ಟ್‌ನಲ್ಲಿ ಗೂರ್ಡ್ ಸಿಯಾಟಲ್ ಪಾಲಾದರು. ಕೋಲ್ಮನ್ 49 ಲಕ್ಷಕ್ಕೆ ಕ್ಯಾಲ್ಗರಿಗೆ, ಗುಡ್ರೋ ಸುಮಾರು 36 ಲಕ್ಷಕ್ಕೆ ನ್ಯೂಯಾರ್ಕಿಗೆ. ಅವರ ಬೆಲೆ ಏರಲು ಕಾರಣ ಟ್ಯಾಂಪಾದಲ್ಲೇ ಗೆದ್ದ ಕಪ್‌ಗಳು. ಆ ಏರಿದ ಬೆಲೆ ಕೊಡಲು ಟ್ಯಾಂಪಾ ಕೈಯಲ್ಲಿ ಕಾಸಿರಲಿಲ್ಲ.

ಅದೇ ಬೇಸಿಗೆಯಲ್ಲಿ ಟೊರಾಂಟೊ ತನ್ನ ಊರಿನವರೇ ಆದ ಜ್ಯಾಕ್ ಹೈಮನ್ ಅವರನ್ನೂ ಕಳೆದುಕೊಂಡಿತು. ಎಡ್ಮಂಟನ್ 7 ವರ್ಷಕ್ಕೆ, ವರ್ಷಕ್ಕೆ 55 ಲಕ್ಷ ಕೊಟ್ಟಿತು. 2023-24ರಲ್ಲಿ ಹೈಮನ್ 54 ಗೋಲು ಹೊಡೆದರು. ಟೊರಾಂಟೊ 2020ರಲ್ಲಿ ಕೊಲಂಬಸ್‌ಗೆ ಸೋತಿತು. 2021ರಲ್ಲಿ 3-1 ಮುಂದಿದ್ದೂ ಮಾಂಟ್ರಿಯಲ್‌ಗೆ ಸೋತಿತು. 2022ರಲ್ಲಿ ಏಳನೇ ಪಂದ್ಯದಲ್ಲಿ ಟ್ಯಾಂಪಾಗೆ ಸೋತಿತು. ಪ್ರತಿ ಸಲವೂ ಬೈಗುಳ ಬಿದ್ದದ್ದು ಆ ನಾಲ್ವರಿಗೆ.

ನಾನು ಆಟಗಾರರನ್ನು ದುರಾಸೆಯವರು ಅನ್ನುವುದಿಲ್ಲ. ಮ್ಯಾಥ್ಯೂಸ್, ಮಾರ್ನರ್ ಸಹಿ ಹಾಕಿದಾಗ ಕ್ಯಾಪ್ ವರ್ಷವರ್ಷವೂ ಏರುತ್ತದೆ ಅನ್ನುವ ಲೆಕ್ಕ ಎಲ್ಲರಿಗೂ ಇತ್ತು. ಕೋವಿಡ್ ಬಂತು. 8.15 ಕೋಟಿ ಮೂರು ಸೀಸನ್ ಅಲ್ಲಾಡಲಿಲ್ಲ. ಆಮೇಲೆ 8.25, 8.35. ಏರುವ ಕ್ಯಾಪಿಗೆ ಹೊಲಿಸಿದ ಅಂಗಿ ಏರದ ಕ್ಯಾಪಿಗೆ ಬಿಗಿಯಾಯಿತು. ಅದಕ್ಕೇ ಒಪ್ಪಂದವನ್ನು ಬರೀ ಡಾಲರ್‌ನಲ್ಲಿ ಓದಬಾರದು ಅಂತ ನಾನು ಹೊಸಬರಿಗೆ ಹಠ ಹಿಡಿದು ಹೇಳುತ್ತೇನೆ. ಕ್ಯಾಪಿನ ಶೇಕಡಾ ಎಷ್ಟು ಅಂತ ಪಕ್ಕದ ಕಾಲಮಿನಲ್ಲಿ ಬರೆಯಲೇಬೇಕು.

ಎಡ್ಮಂಟನ್‌ನ ಕಾನರ್ ಮ್ಯಾಕ್‌ಡೇವಿಡ್ ಅವರ ಸಾಲು ಇದಕ್ಕೆ ಒಳ್ಳೆಯ ಉದಾಹರಣೆ. 2018-19ರಲ್ಲಿ ಅವರ 1.25 ಕೋಟಿ ಶುರುವಾದಾಗ ಅದು ಕ್ಯಾಪಿನ ಶೇ. 15.7. 2025ರ ಅಕ್ಟೋಬರ್‌ನಲ್ಲಿ ಅವರು ಅದೇ 1.25 ಕೋಟಿಗೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದರು. 2026-27ಕ್ಕೆ ಘೋಷಿಸಿದ ಕ್ಯಾಪ್ 10.4 ಕೋಟಿ. ಆ ಲೆಕ್ಕದಲ್ಲಿ ಅದು ಬರೀ ಶೇ. 12. ಮ್ಯಾಕ್‌ಡೇವಿಡ್ ಸಹಿಗೆ ಕೆಲವೇ ದಿನ ಮುಂಚೆ ಮಿನೆಸೋಟಾದ ಕಿರಿಲ್ ಕಪ್ರಿಜೋವ್ 8 ವರ್ಷಕ್ಕೆ, ವರ್ಷಕ್ಕೆ 1.7 ಕೋಟಿಗೆ ಸಹಿ ಮಾಡಿದ್ದರು, ಶೇ. 16ಕ್ಕಿಂತ ಜಾಸ್ತಿ. ಇಬ್ಬರ ನಡುವಿನ ವ್ಯತ್ಯಾಸ 45 ಲಕ್ಷ ಡಾಲರ್. ಟೊರಾಂಟೊದಲ್ಲಿ ಕಾದ್ರಿ ಸಂಬಳ ಎಷ್ಟಿತ್ತೋ ಸರಿಯಾಗಿ ಅಷ್ಟೇ. ಮ್ಯಾಕ್‌ಡೇವಿಡ್ ಬಿಟ್ಟುಕೊಟ್ಟದ್ದು ಒಬ್ಬ ಪೂರ್ತಿ ಆಟಗಾರನನ್ನು, ನಾನು ಅದನ್ನು ಹಾಗೇ ಓದುತ್ತೇನೆ. ಎಡ್ಮಂಟನ್‌ಗೆ ಅದರ ಬೆಲೆ ಚೆನ್ನಾಗಿ ಗೊತ್ತು. 2024ರ ಜೂನ್‌ನಲ್ಲಿ ಫೈನಲ್ ಸೋತರು. ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡ ಅವರ ಇಬ್ಬರು ಎಳೆಯರಿಗೆ, ಬ್ರೋಬರ್ಗ್ ಮತ್ತು ಹಾಲೊವೇಗೆ, ಆಫರ್ ಶೀಟ್ ಕಳಿಸಿತು, ಅಂದರೆ ಎಡ್ಮಂಟನ್ ಅಷ್ಟೇ ಸಂಬಳ ಕೊಟ್ಟು ಉಳಿಸಿಕೊಳ್ಳಬೇಕು, ಇಲ್ಲ ಬಿಟ್ಟುಕೊಡಬೇಕು. ಅಷ್ಟು ಕೊಟ್ಟರೆ ಲೆಕ್ಕ ಕೂಡುತ್ತಿರಲಿಲ್ಲ. ಇಬ್ಬರನ್ನೂ ಬಿಟ್ಟುಕೊಟ್ಟರು.

ಮಿನೆಸೋಟಾದ ಹೆಸರು ಬಂತಲ್ಲ, ಅವರ ಹಳೆಯ ಕಥೆಯನ್ನೂ ಹೇಳಬೇಕು. 2012ರಲ್ಲಿ ಜ್ಯಾಕ್ ಪರೀಸೆ ಮತ್ತು ರಯಾನ್ ಸೂಟರ್ ಇಬ್ಬರಿಗೂ ತಲಾ 13 ವರ್ಷ, ತಲಾ 9.8 ಕೋಟಿ ಡಾಲರ್. ಕೊನೆಯ ವರ್ಷಗಳಿಗೆ ಕಡಿಮೆ ಸಂಬಳ ಬರೆದರೆ ವರ್ಷದ ಸರಾಸರಿ ಇಳಿಯುತ್ತದೆ. ಕ್ಯಾಪಿನಲ್ಲಿ ಎಣಿಸುವುದು ಸರಾಸರಿಯನ್ನೇ. ಆ ದಾರಿಯನ್ನು ಲೀಗ್ 2013ರಲ್ಲಿ ಮುಚ್ಚಿತು, ಹೊಸ ಒಪ್ಪಂದಕ್ಕೆ ಎಂಟು ವರ್ಷದ ಮಿತಿ ಹಾಕಿತು. 2021ರಲ್ಲಿ ಮಿನೆಸೋಟಾ ಇಬ್ಬರನ್ನೂ ಬಯೌಟ್ ಮಾಡಿತು. 2023-24 ಮತ್ತು 2024-25ರಲ್ಲಿ ತಮ್ಮ ತಂಡದಲ್ಲೇ ಇಲ್ಲದ ಇಬ್ಬರ ಹೆಸರಿನಲ್ಲಿ ವರ್ಷಕ್ಕೆ ಸುಮಾರು 1.47 ಕೋಟಿ ಡಾಲರ್ ಕ್ಯಾಪ್ ಹೋಯಿತು. ಇದಕ್ಕೆ ಡೆಡ್ ಕ್ಯಾಪ್ ಅನ್ನುತ್ತಾರೆ. ಆ ಎರಡು ವರ್ಷ ಕಡಿಮೆ ದುಡ್ಡಿನಲ್ಲಿ ತಂಡವನ್ನು ಎಳೆದವರು ಯಾರು? ಮತ್ತೆ ಅದೇ, ನಡುವಿನವರು ಮತ್ತು ಕೆಳಗಿನವರು. ಭಾರ ಇಳಿದ ವರ್ಷವೇ ಕಪ್ರಿಜೋವ್ ಒಪ್ಪಂದ ಬಂತು. ಅದು ಸರಿಯೋ ತಪ್ಪೋ ಅಂತ ನಾನು ಈಗಲೇ ಹೇಳುವುದಿಲ್ಲ. ಅಂಥ ಆಟಗಾರನನ್ನು ಬಿಟ್ಟರೂ ತಂಡ ಉಳಿಯುವುದಿಲ್ಲ.

ಶೀಟಿನ ತೀರಾ ಕೆಳಗಿನ ಸಾಲುಗಳನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತಿತ್ತು. ಕ್ಯಾಪನ್ನು ದಿನದ ಲೆಕ್ಕದಲ್ಲಿ ಎಣಿಸುತ್ತಾರೆ. ಲೀಗಿನ ಕನಿಷ್ಠ ಸಂಬಳ 7.75 ಲಕ್ಷ ಡಾಲರ್ ಇದ್ದಾಗ, ಒಬ್ಬ ಆಟಗಾರ ದಿನಕ್ಕೆ ಸುಮಾರು 4 ಸಾವಿರ ಡಾಲರ್ ಕ್ಯಾಪ್ ತಿನ್ನುತ್ತಿದ್ದ. ಕ್ಯಾಪ್ ಬಿಗಿಯಾಗಿದ್ದ ತಂಡಗಳು ಪಂದ್ಯ ಇಲ್ಲದ ದಿನ ಒಬ್ಬ ಹುಡುಗನನ್ನು ಕಾಗದದ ಮೇಲೆ ಕೆಳಗಿನ ಲೀಗಿಗೆ ಇಳಿಸಿ, ಮರುದಿನ ವಾಪಸ್ ಕರೆಯುತ್ತಿದ್ದವು. ಟೊರಾಂಟೊದ ಕೆಳಗಿನ ತಂಡ ಮಾರ್ಲೀಸ್ ಇರುವುದೂ ಇದೇ ಊರಿನಲ್ಲಿ. ಹಾಗಾಗಿ ಹುಡುಗ ಮನೆ ಬಿಟ್ಟು ಕದಲುತ್ತಲೂ ಇರಲಿಲ್ಲ. ನಮ್ಮ ಶೀಟಿನಲ್ಲಿ ಎರಡು ಸಾಲು ಅಷ್ಟೇ, ಇಳಿದ, ಹತ್ತಿದ. ಆದರೆ ಎರಡು ಬಗೆಯ ಸಂಬಳದ ಒಪ್ಪಂದ ಇದ್ದವನಿಗೆ ಆ ದಿನದ ಸಂಬಳ ಕೆಳಗಿನ ಲೀಗಿನದು, ಮೇಲಿನದರ ಒಂದು ಸಣ್ಣ ಪಾಲು. ಮೇಲಿನ ನಾಲ್ಕು ಸಾಲುಗಳಿಗೆ ಜಾಗ ಮಾಡಲು ಒಬ್ಬ ಇಪ್ಪತ್ತೆರಡರ ಹುಡುಗ ತನ್ನ ಒಂದು ದಿನದ ದುಡಿಮೆ ಬಿಡುತ್ತಿದ್ದ. ಈ ವಿಷಯ ಯಾವ ಟಿವಿ ಚರ್ಚೆಯಲ್ಲೂ ಬರಲಿಲ್ಲ.

ಮಾರ್ನರ್ 2025ರ ಬೇಸಿಗೆಯಲ್ಲಿ ವೆಗಸ್‌ಗೆ ಹೋದರು, 8 ವರ್ಷ, ವರ್ಷಕ್ಕೆ 1.2 ಕೋಟಿ. ಅವರ ಒಪ್ಪಂದದಲ್ಲಿ ನೋ-ಮೂವ್ ಷರತ್ತು ಇತ್ತು, ಅವರು ಒಪ್ಪದೆ ಎಲ್ಲಿಗೂ ಕಳಿಸುವ ಹಾಗಿರಲಿಲ್ಲ. ಟೊರಾಂಟೊಗೆ ಬದಲಿಗೆ ಸಿಕ್ಕವರು ನಿಕೊಲಾ ರುವಾ, ನಡುವಿನ ಸಾಲಿನ ಒಬ್ಬ ಸೆಂಟರ್. ಟವಾರೆಸ್ ಸುಮಾರು 44 ಲಕ್ಷಕ್ಕೆ ಒಪ್ಪಿ ಉಳಿದರು.

ಕ್ಯಾಪ್ ಈಗ ಜೋರಾಗಿ ಏರುತ್ತಿದೆ. 2027-28ಕ್ಕೆ 11.35 ಕೋಟಿ ಅಂತ ಲೀಗ್ ಮೊದಲೇ ಹೇಳಿದೆ. ಇನ್ನು ಇಕ್ಕಟ್ಟು ಇಲ್ಲ ಅಂತ ನಮ್ಮ ಆಫೀಸಿನಲ್ಲೂ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏರಿದ ಹಣಕ್ಕೆ ಮೊದಲು ಕೈ ಹಾಕುವವರು ಮೇಲಿನವರೇ, ಶೇ. 20ರ ಗೆರೆಯೂ ಜೊತೆಗೇ ಮೇಲೇರುತ್ತದೆ. ಪತ್ರಿಕೆಗಳಿಗೆ ನಾವು ಕಳಿಸುವ ಬೇಸಿಗೆಯ ವರದಿಯಲ್ಲಿ ನಾನೀಗ ಒಂದು ಪುಟ ಸೇರಿಸಿದ್ದೇನೆ. ಪ್ರತಿ ತಂಡದಲ್ಲಿ 20 ಲಕ್ಷದಿಂದ 55 ಲಕ್ಷದವರೆಗೆ ಸಂಬಳ ಇರುವವರಲ್ಲಿ ಮುಂದಿನ ಜುಲೈ 1ಕ್ಕೆ ಯಾರ ಒಪ್ಪಂದ ಮುಗಿಯುತ್ತದೆ, ಅವರನ್ನು ಉಳಿಸಿಕೊಳ್ಳಲು ತಂಡದ ಕೈಯಲ್ಲಿ ಎಷ್ಟಿದೆ, ಅದಷ್ಟೇ ಆ ಪುಟದಲ್ಲಿರುವುದು. ಹಾಸನದ ಹುಡುಗ ಈಗ ಎಡ್ಮಂಟನ್ ಮತ್ತು ಮಿನೆಸೋಟಾ ಎರಡರ ಪುಟವನ್ನೂ ತಾನೇ ತಯಾರು ಮಾಡುತ್ತಾನೆ.