ಕಾಡುಕೋಳಿಯನ್ನು ಕರೆಯಬೇಡಿ, ಅದರ ಕೂಗು ಹಿಡಿದು ಹೋಗಿ

ಅಮೆರಿಕದಲ್ಲಿ ವಸಂತ ಬಂತೆಂದರೆ ಟರ್ಕಿ ಕೋಳಿಯ ಬೇಟೆಗಾರರು ಹೇಂಟೆಯ ದನಿ ಹೊರಡಿಸಿ ಹುಂಜವನ್ನು ಹತ್ತಿರ ಕರೆಸಿಕೊಳ್ಳುತ್ತಾರೆ. ಮರದ ಡಬ್ಬಿ, ಸ್ಲೇಟು ಮತ್ತು ಕಡ್ಡಿ, ಬಾಯೊಳಗೆ ಇಟ್ಟು ಊದುವ ಪೊರೆ, ಹೀಗೆ ಅದಕ್ಕೆ ಬೇರೆ ಬೇರೆ ಸಾಧನಗಳಿವೆ. ಅದೇ ಉಪಾಯವನ್ನು ಕೊಡಗಿನ ಬೂದು ಕಾಡುಕೋಳಿಯ ಮೇಲೆ ಮೊಬೈಲ್ ಹಿಡಿದು ಪ್ರಯೋಗಿಸುವುದು ಬೇಡ. ಹುಂಜದ ಕೂಗಿನ ರೆಕಾರ್ಡಿಂಗ್ ಕೇಳಿದರೆ ಅಲ್ಲಿಯ ಹುಂಜ ತನ್ನ ಜಾಗಕ್ಕೆ ಇನ್ನೊಂದು ಹುಂಜ ನುಗ್ಗಿತೆಂದು ಮೇಯುವುದನ್ನು ಬಿಟ್ಟು ಓಡಾಡುತ್ತದೆ. ಫೆಬ್ರವರಿಯಿಂದ ಮೇವರೆಗೆ ಹೇಂಟೆ ಪೊದೆಯ ಬುಡದಲ್ಲಿ, ನೆಲದ ಮೇಲೇ ಮೊಟ್ಟೆಗೆ ಕೂತಿರುವ ಕಾಲ. ಆಗ ಈ ಗಲಾಟೆ ಸಲ್ಲದು.

ಬೇಟೆಯ ಮಾತಂತೂ ಇಲ್ಲವೇ ಇಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವುದು ಕೋವಿ ಲೈಸೆನ್ಸಿನ ವಿನಾಯಿತಿ, ಬೇಟೆಯದ್ದಲ್ಲ. ಸ್ವಂತ ಕಾಫಿ ತೋಟದೊಳಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಕೂಗು ಹಿಡಿದು ಹೋಗಿ ಕೋಳಿಯನ್ನು ನೋಡುವ ಕೆಲಸ ಶುರುವಾಗುವುದು ಹಿಂದಿನ ಸಂಜೆ. ಹೊತ್ತು ಮುಳುಗುವ ಮೊದಲೇ ತೋಟದ ಅಂಚಿನಲ್ಲಿ, ದೇವರಕಾಡು ಪಕ್ಕದಲ್ಲಿದ್ದರೆ ಅದರ ಹೊರಗೆ, ಸುಮ್ಮನೆ ನಿಲ್ಲಿ. ಕೋಳಿ ಮರ ಹತ್ತುವಾಗ ರೆಕ್ಕೆಯ ಪಟಪಟ ಕೇಳುತ್ತದೆ, ಕೆಲವೊಮ್ಮೆ ಒಂದೆರಡು ಕೂಗೂ ಬರುತ್ತದೆ. ಸದ್ದು ಬಂದ ದಿಕ್ಕಿಗೆ ಒಂದು ಮರ ಗುರುತಿಟ್ಟುಕೊಳ್ಳಿ. ನೂರು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಂದು ಕೂಗಿಗೆ ಕಾಯಿರಿ. ಎರಡು ದಿಕ್ಕುಗಳೂ ಕೂಡುವಲ್ಲಿ ಕೋಳಿ ಕೂರುವ ಮರ ಇರುತ್ತದೆ. ಕಣಿವೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಎದುರು ಗುಡ್ಡಕ್ಕೆ ಬಡಿದು ಮರಳಿದ ಸದ್ದನ್ನೇ ನಿಜವೆಂದುಕೊಳ್ಳುತ್ತಾರೆ. ಒಂದೇ ಜಾಗದಲ್ಲಿ ಕೇಳಿ ತೀರ್ಮಾನಕ್ಕೆ ಬರಬೇಡಿ.

ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ನಾಟಿ ಹುಂಜದ ಕೂಗು ಕೊನೆಗೆ ಉದ್ದಕ್ಕೆ ಎಳೆಯುತ್ತದೆ. ಕಾಡುಕೋಳಿಯದು ತುಂಡುತುಂಡು: ‘ಕುಕ್, ಕಾಯ-ಕಾಯ-ಕುಕ್’ ಎಂದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆ ಕೂಗಿನ ಕೊನೆಗೆ ‘ಕ್ಯುಕುನ್, ಕ್ಯುಕುನ್’ ಎಂಬ ತೀರಾ ಮೆಲ್ಲನೆಯ ದನಿಯೊಂದಿದೆ. ಅದು ಬಹಳ ಹತ್ತಿರವಿದ್ದವರಿಗಷ್ಟೇ ಕೇಳುವುದು. ದೂರ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಅದು ಕಿವಿಗೆ ಬಿದ್ದ ಕ್ಷಣ ನಿಂತುಬಿಡಿ, ಇನ್ನೊಂದು ಹೆಜ್ಜೆಯೂ ಬೇಡ.

ಮಾರ್ಚಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.30ಕ್ಕೆ. ಕೂಗು ಅದಕ್ಕೂ ಮೊದಲೇ ಶುರು. ಆದರೂ ಕತ್ತಲಲ್ಲಿ ತೋಟದೊಳಗೆ ಹೋಗಬೇಡಿ. ಆನೆ ಓಡಾಡುವ ಕಡೆ ಕಾರ್ಮಿಕರನ್ನು ಕೇಳದೆ ಬೆಳಕಾದ ಮೇಲೂ ಹೋಗಬೇಡಿ. ರಸ್ತೆಯಲ್ಲಿ ನಿಂತು ಕೂಗು ಕೇಳಿಸಿಕೊಂಡು, ದಾರಿ ಕಾಣುವಷ್ಟು ಬೆಳಕಾದ ಮೇಲೆ ಮರದಿಂದ ಐವತ್ತು ಮೀಟರಿನಾಚೆ ಕೂರಿ. ದಪ್ಪ ಮರಕ್ಕೆ ಬೆನ್ನು ಕೊಡಿ, ಬಿಸಿಲು ಹಿಂದಿನಿಂದ ಬೀಳಲಿ, ಎದುರಿಗೆ ತೋಟದ ದಾರಿ ಇರಲಿ. ಮರ ಇಳಿದ ಕೋಳಿ ಅಂಚಿನ ದಾರಿಯಲ್ಲಿ ಕೆದಕಲು ಬರುತ್ತದೆ. ಮಾಸಲು ಬಣ್ಣದ ಬಟ್ಟೆ ಸಾಕು, ಮುಖ್ಯವಾದದ್ದು ಅಲುಗಾಡದಿರುವುದು.

ಒಣ ತರಗೆಲೆ ದೊಡ್ಡ ಶತ್ರು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದ ಮರುದಿನ ಎಲೆ ಮೆತ್ತಗಾಗಿರುತ್ತದೆ, ನಡೆದರೂ ಸದ್ದಿಲ್ಲ. ಅಂಥ ಬೆಳಗನ್ನು ಬಿಡಬೇಡಿ. ಆದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದರೆ ಆ ಕಡೆ ಹೋಗುವುದು ದಂಡ, ನೀರಿನ ಸದ್ದಿಗೆ ಏನೂ ಕೇಳಿಸದು.

ಕೂಗು ನಿಂತು ಕರ್ಕಶವಾದ ‘ಕ್ಲಕ್ ಕ್ಲಕ್’ ಶುರುವಾದರೆ ಅದು ನಿಮ್ಮನ್ನು ಕಂಡಿದೆ. ಬೆನ್ನು ಹತ್ತಿದರೆ ಪೊದೆ ಸೇರುತ್ತದೆ, ಎದ್ದು ವಾಪಸು ಬನ್ನಿ. ಹೇಂಟೆಯೊಂದು ಕಾಲಬುಡದಿಂದಲೇ ಹಾರಿದರೆ ಪಕ್ಕದಲ್ಲಿ ಮೊಟ್ಟೆಯೋ ಮರಿಯೋ ಇರಬಹುದು. ಮರಿಗಳು ಓಡದೆ ಎಲೆಯ ನಡುವೆ ಮುದುರಿ ಕೂರುತ್ತವೆ, ತುಳಿಯುವ ಅಪಾಯವಿದೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ.

ಮಳೆ ಹಿಡಿದ ಮೇಲೆ ಹುಂಜ ಕತ್ತಿನ ಹಳದಿ ಚುಕ್ಕೆಯ ಗರಿ ಉದುರಿಸಿ ಮಂಕಾಗುತ್ತದೆ, ಕೂಗೂ ಕಡಿಮೆ. ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಕ್ಕೆಂದು ಒಂದು ಕಾಲದಲ್ಲಿ ವಿದೇಶಕ್ಕೆ ಹೋಗುತ್ತಿದ್ದುದು ಇದೇ ಗರಿ. ಬೇಲಿಯ ಸಂದಿಯಲ್ಲಿ ತಂತಿಯ ಉರುಳು ಕಂಡರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಅಂದೇ ತಿಳಿಸಿ.