ಮಾತಾಡದ ಲ್ಯಾಪ್‌ಟಾಪ್, ಮ್ಯೂಟ್ ಆಗಿದ್ದ ಟಿವಿ

ಹೋದ ವಾರ ಒಂದು ಹಳೆಯ ಲ್ಯಾಪ್‌ಟಾಪ್ ತಂದೆ. ಇಂಟೆಲ್ ಐ5, ನಾಲ್ಕನೇ ಜನರೇಷನ್, 8 ಜಿಬಿ ರ‍್ಯಾಮ್. ಡಿಸ್‌ಪ್ಲೇ ಒಡೆದಿದೆ ಅಂತ ಅಂಗಡಿಯವನು ಸಂಕೋಚಪಟ್ಟುಕೊಂಡೇ ಕಡಿಮೆ ಬೆಲೆಗೆ ಕೊಟ್ಟ. ನನಗೆ ಕಣ್ಣು ಕಾಣುವುದಿಲ್ಲ. ಡಿಸ್‌ಪ್ಲೇ ಇದ್ದರೆಷ್ಟು ಬಿಟ್ಟರೆಷ್ಟು! ಖುಷಿಯಾಗಿ ಮನೆಗೆ ತಂದು, ಡೆಬಿಯನ್ (ಲಿನಕ್ಸ್‌ನಲ್ಲಿ ಒಂದು ಬಗೆ) ಲೈವ್ ಹಾಕಿಟ್ಟಿದ್ದ ಪೆನ್‌ಡ್ರೈವ್ ಸಿಕ್ಕಿಸಿದೆ. ಲೈವ್ ಅಂದರೆ ಗೊತ್ತಲ್ವಾ, ಇಡೀ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಒಳಗಿನ ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ.

ಯಾವುದಕ್ಕೂ ಇರಲಿ, ಏನಾದರೂ ಎಡವಟ್ಟಾದರೆ ತಂಗಿ ಓದಿ ಹೇಳಲಿ ಅಂತ ಎಚ್‌ಡಿಎಂಐ ಕೇಬಲ್ ಹಾಕಿ ಹಾಲ್‌ನ ಟಿವಿಗೆ ಕೊಟ್ಟೆ. ಆ ಜಾಣತನವೇ ಆಮೇಲೆ ಎರಡು ಗಂಟೆ ತಿಂದಿತು.

ಆನ್ ಮಾಡಿ ಎರಡು ನಿಮಿಷ ಕಾದು ಆಲ್ಟ್, ವಿಂಡೋಸ್ ಕೀ, ಎಸ್ ಮೂರನ್ನೂ ಒಟ್ಟಿಗೆ ಒತ್ತಿದೆ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಓರ್ಕಾ ಅನ್ನುವ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಶುರುವಾಗುವುದು ಹೀಗೆ. ಏನೂ ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಇನ್ನೂ ನಾಲ್ಕು ಸಲ ಒತ್ತಿರಬೇಕು. ಇಲ್ಲೇ ನಾವೆಲ್ಲ ಮಾಡುವ ತಪ್ಪು ಇರುವುದು. ಆ ಕೀಗಳು ಓರ್ಕಾವನ್ನು ಶುರು ಮಾಡುವುದಷ್ಟೇ ಅಲ್ಲ, ಎರಡನೇ ಸಲ ಒತ್ತಿದರೆ ಆರಿಸುತ್ತವೆ ಕೂಡ. ಸದ್ದು ಬರದೇ ಇದ್ದಾಗ ಹಾಕಿದೆನೋ ಆರಿಸಿದೆನೋ ಅಂತ ಯಾರಿಗೆ ಗೊತ್ತು? ಹಾಗಾಗಿ ಒಂದೇ ಸಲ ಒತ್ತಿ, ಬರಲಿಲ್ಲ ಅಂದರೆ ಕೈ ಬಿಟ್ಟುಬಿಡಿ.

ಓರ್ಕಾ ತಾನೇ ಮಾತಾಡುವುದಿಲ್ಲ. ಅದು ಪರದೆಯ ಮೇಲಿನ ಮಾತನ್ನು ಸ್ಪೀಚ್ ಡಿಸ್ಪ್ಯಾಚರ್‌ಗೆ ಕೊಡುತ್ತದೆ. ಡಿಸ್ಪ್ಯಾಚರ್ ಅದನ್ನು ಅಕ್ಷರಕ್ಕೆ ದನಿ ಕೊಡುವ ಇಸ್ಪೀಕ್ ಎನ್‌ಜಿಗೆ ದಾಟಿಸಿ ದನಿ ಮಾಡಿಸಿಕೊಳ್ಳುತ್ತದೆ. ಆ ದನಿ, ಸದ್ದನ್ನೆಲ್ಲ ಹಂಚುವ ಪೈಪ್‌ವೈರ್‌ಗೆ ಹೋಗಿ, ಅಲ್ಲಿಂದ ಸೌಂಡ್ ಕಾರ್ಡಿಗೆ, ಆಮೇಲೆ ಸ್ಪೀಕರಿಗೆ. ಇದರಲ್ಲಿ ಯಾರೊಬ್ಬರು ಕೈಕೊಟ್ಟರೂ ನಮಗೆ ಕೇಳುವುದು ಒಂದೇ, ಮೌನ. ಎಲ್ಲರೂ ಓರ್ಕಾದ ಸೆಟ್ಟಿಂಗ್ಸ್‌ನಿಂದ ಹುಡುಕಲು ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ, ಸ್ಪೀಕರ್ ಕಡೆಯಿಂದ ಹಿಂದಕ್ಕೆ ಬನ್ನಿ. ಸ್ಪೀಕರೇ ಉಸಿರಾಡುತ್ತಿಲ್ಲ ಅಂದರೆ ಓರ್ಕಾ ಪಾಪ ಏನು ಮಾಡೀತು?

ಕಣ್ಣಿಲ್ಲದೆ ಕಮಾಂಡ್ ಕೊಡಲು ಒಂದು ಒಳ್ಳೆಯ ಜಾಗ ಇದೆ, ಆಲ್ಟ್ ಎಫ್2. ಒತ್ತಿದ ತಕ್ಷಣ ಒಂದು ಚಿಕ್ಕ ಡಬ್ಬಿ ತೆರೆದುಕೊಳ್ಳುತ್ತದೆ, ಟೈಪ್ ಮಾಡಿ ಎಂಟರ್ ಹೊಡೆದರೆ ಆಯಿತು. ಮೊದಲು ‘ಸ್ಪೀಕರ್-ಟೆಸ್ಟ್ -ಎಲ್ 1’ ಕೊಟ್ಟೆ (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಳ್ಳಿ). ಕೊನೆಯ ಆ 1 ಮರೆಯಬೇಡಿ, ಮರೆತರೆ ನೀವು ನಿಲ್ಲಿಸುವ ತನಕ ಸದ್ದು ಮಾಡುತ್ತಲೇ ಇರುತ್ತದೆ. ನನಗೆ ಏನೂ ಕೇಳಲಿಲ್ಲ. ಸರಿ, ತಪ್ಪು ಓರ್ಕಾದ್ದಲ್ಲ ಅಂತ ಅಷ್ಟರಲ್ಲೇ ಗೊತ್ತಾಯಿತು.

ಆಗ ನೆನಪಾಯಿತು. ಇಂಟೆಲ್‌ನ ಈ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್‌ಗೆ ಎರಡು ಸೌಂಡ್ ಕಾರ್ಡ್ ಕಾಣುತ್ತವೆ. ಸಾಮಾನ್ಯವಾಗಿ 0 ನಂಬರಿನದು ಎಚ್‌ಡಿಎಂಐ, 1 ನಂಬರಿನದು ನಿಜವಾದ ಸ್ಪೀಕರ್. ಅದೇ ಕಮಾಂಡಿಗೆ ‘-ಡಿ ಪ್ಲಗ್‌ಎಚ್‌ಡಬ್ಲ್ಯೂ:1’ ಸೇರಿಸಿದೆ. ಇಲ್ಲಿ ಡಿ ದೊಡ್ಡಕ್ಷರ. ಎಂಟರ್ ಹೊಡೆದದ್ದೇ ತಡ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಸ್ಸ್ಸ್ ಅಂತ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಸದ್ದು ಬಂತು! ಆ ಸದ್ದು ಕೇಳಿ ಯಾವತ್ತೂ ಅಷ್ಟು ಖುಷಿಪಟ್ಟಿರಲಿಲ್ಲ.

ಅಂದರೆ ಸ್ಪೀಕರ್ ಚೆನ್ನಾಗಿದೆ, ದನಿ ಬೇರೆ ಕಡೆ ಹೋಗುತ್ತಿದೆ. ಎಲ್ಲಿಗೆ ಅಂತ ನೋಡಲು ತಂಗಿಯನ್ನು ಕರೆದೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್’ ಹೊಡೆದು, "ಏನು ಬಂದಿದೆ ಓದೇ" ಅಂದೆ.

"ಏನೂ ಇಲ್ಲ ಕಣೋ ಅಣ್ಣ, ಬರೀ ವಾಲ್‌ಪೇಪರ್."

ಒಡೆದ ಡಿಸ್‌ಪ್ಲೇ ಇನ್ನೂ ಇದೆ ಅಂತಲೇ ಕಂಪ್ಯೂಟರ್ ನಂಬಿಕೊಂಡಿತ್ತು. ಟರ್ಮಿನಲ್ ಅಲ್ಲಿ ತೆರೆದಿತ್ತು, ಟಿವಿಯಲ್ಲಿ ಪಕ್ಕದ ಖಾಲಿ ಜಾಗ. ವಿಂಡೋಸ್ ಕೀ ಹಿಡಿದು ಪಿ ಒತ್ತುತ್ತಾ ಹೋದೆ, ಅವಳು "ಬಂತು ಬಂತು" ಅಂದಾಗ ಕೈಬಿಟ್ಟೆ. ಆಮೇಲೆ ‘ಸಿಂಕ್ಸ್’ ಅನ್ನುವ ಕಡೆ (ಸದ್ದು ಹೊರಹೋಗುವ ದಾರಿಗಳ ಪಟ್ಟಿ) ಓದಲು ಹೇಳಿದೆ.

"ಐವತ್ತೆರಡು, ಬಿಲ್ಟ್-ಇನ್ ಆಡಿಯೋ ಡಿಜಿಟಲ್ ಸ್ಟೀರಿಯೋ, ಬ್ರಾಕೆಟ್‌ನಲ್ಲಿ ಎಚ್‌ಡಿಎಂಐ. ಅದರ ಹಿಂದೆ ಒಂದು ನಕ್ಷತ್ರ ಇದೆ. ಕೆಳಗೆ ನಲವತ್ತೇಳು, ಬಿಲ್ಟ್-ಇನ್ ಆಡಿಯೋ ಅನಲಾಗ್ ಸ್ಟೀರಿಯೋ. ಅದಕ್ಕೆ ನಕ್ಷತ್ರ ಇಲ್ಲ."

ನಕ್ಷತ್ರ ಇದ್ದದ್ದೇ ಡಿಫಾಲ್ಟ್, ದನಿ ತಾನಾಗಿ ಹೋಗುವುದು ಅಲ್ಲಿಗೇ. ‘ಡಬ್ಲ್ಯೂಪಿಸಿಟಿಎಲ್ ಸೆಟ್-ಡಿಫಾಲ್ಟ್ 47’ ಕೊಟ್ಟೆ (ಈ ನಂಬರ್ ನಿಮ್ಮಲ್ಲಿ ಬೇರೆ ಇರುತ್ತದೆ, ಸುಮ್ನೆ ಕಾಪಿ ಮಾಡಬೇಡಿ). ಆಮೇಲೆ ‘ಎಸ್‌ಪಿಡಿ-ಸೇ ಹಲೋ’. ಸ್ಪೀಚ್ ಡಿಸ್ಪ್ಯಾಚರ್‌ನಿಂದ ಸ್ಪೀಕರ್‌ವರೆಗಿನ ದಾರಿಯನ್ನು ಒಂದೇ ಏಟಿಗೆ ನೋಡಲು ಇದಕ್ಕಿಂತ ಸುಲಭದ್ದಿಲ್ಲ. ಹಲೋ ಅಂದಿತು. ವಿಂಡೋಸ್‌ನಲ್ಲಿ ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸಿದವರಿಗೆ ಆ ದನಿಯ ಗುರುತು ತಕ್ಷಣ ಸಿಗುತ್ತದೆ, ಅಲ್ಲಿರುವುದೂ ಇದೇ ಇಸ್ಪೀಕ್. ಮೂಗಿನಲ್ಲಿ ಮಾತಾಡುವ ರೋಬೋಟ್ ಅಂತ ತಂಗಿ ನಗುತ್ತಾಳೆ, ನನಗೆ ಮನೆಯವರ ದನಿ ಇದ್ದ ಹಾಗೆ.

ಆದರೂ ಓರ್ಕಾ ಸುಮ್ಮನಿತ್ತು. ಆರು ಸಲ ಒತ್ತಿದ್ದೆನಲ್ಲ, ಸಮಸಂಖ್ಯೆ, ಆರಿಹೋಗಿತ್ತು! ಆಲ್ಟ್ ಎಫ್2, ‘ಓರ್ಕಾ --ರಿಪ್ಲೇಸ್’. ಇದಾದರೆ ಓರ್ಕಾ ಓಡುತ್ತಿರಲಿ ಬಿಡಲಿ, ಹೊಸದಾಗಿ ಶುರುವಾಗುತ್ತದೆ, ಲೆಕ್ಕ ಇಡುವ ಗೋಜಿಲ್ಲ. ‘ಸ್ಕ್ರೀನ್ ರೀಡರ್ ಆನ್’ ಅಂದಿತು. ಇದನ್ನು ಸುಡೋ (ರೂಟ್ ಅನ್ನುವ ಯಜಮಾನನ ಅಧಿಕಾರ) ಹಾಕಿ ಓಡಿಸಲು ಮಾತ್ರ ಹೋಗಬೇಡಿ. ಪೈಪ್‌ವೈರ್ ನಿಮ್ಮ ಹೆಸರಿನಲ್ಲಿ ಓಡುತ್ತಿರುತ್ತದೆ, ರೂಟ್ ಬಂದು ಕರೆದರೆ ಅದು ಓಗೊಡುವುದಿಲ್ಲ.

ಅಷ್ಟರಲ್ಲಿ ತಂಗಿ ರಿಮೋಟ್ ಎತ್ತಿಕೊಂಡು, "ಟಿವಿ ಮ್ಯೂಟ್‌ನಲ್ಲಿದೆಯಲ್ಲೋ" ಅಂದಳು. ಸಂಜೆ ಫೋನ್ ಬಂತು ಅಂತ ಅಮ್ಮ ಮ್ಯೂಟ್ ಮಾಡಿ ಹಾಗೇ ಬಿಟ್ಟಿದ್ದರು. ಅಂದರೆ ಓರ್ಕಾ ಹಾಕಿದಾಗಲೆಲ್ಲ ಮಾತಾಡುತ್ತಲೇ ಇತ್ತು, ಬಾಯಿ ಮುಚ್ಚಿದ ಟಿವಿಯೊಳಗೆ. ಕೇಬಲ್ ಕಿತ್ತಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಇರಲಿ.

ಹೊಸ ಲ್ಯಾಪ್‌ಟಾಪ್ ಇರುವವರ ಕಥೆ ಸ್ವಲ್ಪ ಬೇರೆ. ಕೆಲವಕ್ಕೆ ಎಸ್‌ಒಎಫ್ ಅನ್ನುವ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಇಲ್ಲದೆ ಕಾರ್ಡೇ ಏಳುವುದಿಲ್ಲ, ಏನೇ ಟೆಸ್ಟ್ ಮಾಡಿದರೂ ಮೌನವೇ. ಅದಕ್ಕೆ ನಾನು ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಸೌಂಡ್ ಡಾಂಗಲ್ ಇಟ್ಟಿರುತ್ತೇನೆ. ಇಯರ್‌ಫೋನ್ ಹಾಕಿ ಸಿಕ್ಕಿಸಿದರೆ ಅದೇ ಇನ್ನೊಂದು ಕಾರ್ಡ್, ಫರ್ಮ್‌ವೇರ್ ಗಿರ್ಮ್‌ವೇರ್ ಏನೂ ಕೇಳುವುದಿಲ್ಲ.

ಮಾತು ಬಂದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಕನ್ನಡ ದನಿ ಹಾಕಿಕೊಂಡು, ಡೆಸ್ಕ್‌ಟಾಪನ್ನೂ ಕನ್ನಡಕ್ಕೆ ಬದಲಿಸಿ ಓಡಾಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಟ್ಯಾಬ್ ಒತ್ತಿದರೆ ಪದದ ತಲೆ ಹಾರಿಹೋಗುತ್ತಿತ್ತು. ಒಂದು ಬಟನ್ ಮೇಲೆ ನಿಂತರೆ ‘ಳಿಸು’ ಅಂತು. ಅಳಿಸು ಅಂತಲೋ, ಉಳಿಸು ಅಂತಲೋ? ನೀವೇ ಹೇಳಿ, ಎಂಟರ್ ಹೊಡೆಯಲು ಧೈರ್ಯ ಬರುತ್ತದೆಯೇ?

ಕರೆಂಟ್ ಉಳಿಸಲು ಸೌಂಡ್ ಕಾರ್ಡ್ ಆಗಾಗ ನಿದ್ದೆ ಹೋಗುತ್ತದೆ, ಎದ್ದೇಳುವಷ್ಟರಲ್ಲಿ ಮೊದಲ ಅಕ್ಷರ ಮುಗಿದಿರುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾರ್ಡನ್ನು ನಡೆಸುವ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಡ್ರೈವರ್‌ನ ‘ಪವರ್ ಸೇವ್’ ಅನ್ನು 0 ಮಾಡಿದೆ. ಆದರೂ ಪೂರ್ತಿ ಹೋಗಲಿಲ್ಲ. ಪೈಪ್‌ವೈರ್ ಜೊತೆಗಿರುವ ವೈರ್‌ಪ್ಲಂಬರ್ ಕೂಡ 5 ಸೆಕೆಂಡ್ ಸದ್ದಿಲ್ಲ ಅಂದರೆ ಕಾರ್ಡನ್ನು ಮಲಗಿಸುತ್ತದಂತೆ, ಅದರ ಸಸ್ಪೆಂಡ್ ಟೈಮ್ಔಟನ್ನೂ 0 ಮಾಡಿದ ಮೇಲೆ ‘ಉಳಿಸು’ ಪೂರ್ತಿ ಕೇಳಿತು. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಇಳಿಯಲಿ.

ಬೆಳಗ್ಗೆ ಆನ್ ಮಾಡಿದರೆ ಎಲ್ಲ ಮಾಯ. ಲೈವ್ ಅಲ್ವಾ, ಬದಲಾವಣೆ ಎಲ್ಲ ರ‍್ಯಾಮ್‌ನಲ್ಲಿ, ಆಫ್ ಮಾಡಿದರೆ ಹೋಯಿತು. ಪೆನ್‌ಡ್ರೈವ್‌ನಲ್ಲಿ ‘ಪರ್ಸಿಸ್ಟೆನ್ಸ್’ ಅಂತ ಹೆಸರಿಟ್ಟು ಇನ್ನೊಂದು ಪಾರ್ಟಿಷನ್ ಮಾಡಿ ಉಳಿಸಿಕೊಳ್ಳಬಹುದು. ನನಗೆ ಅಷ್ಟು ತಾಳ್ಮೆ ಇಲ್ಲ, ಭಾನುವಾರ ಹಾರ್ಡ್ ಡಿಸ್ಕ್‌ಗೇ ಇನ್‌ಸ್ಟಾಲ್ ಮಾಡುತ್ತೇನೆ. ಡೆಬಿಯನ್‌ನ ಬೂಟ್ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಹೊಡೆದರೆ ಮಾತಾಡುವ ಇನ್‌ಸ್ಟಾಲರ್ ಬರುತ್ತದೆ. ಒಂದಕ್ಕಿಂತ ಜಾಸ್ತಿ ಸೌಂಡ್ ಕಾರ್ಡ್ ಇದ್ದರೆ ಒಂದೊಂದರಲ್ಲೂ ಮಾತಾಡಿ, ಕೇಳಿಸಿದಲ್ಲಿ ಎಂಟರ್ ಹೊಡಿ ಅನ್ನುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ! ಲೈವ್ ಡೆಸ್ಕ್‌ಟಾಪ್‌ಗೂ ಇದೇ ಬುದ್ಧಿ ಇದ್ದಿದ್ದರೆ ತಂಗಿಯ ನಿದ್ದೆ ಉಳಿಯುತ್ತಿತ್ತು.

ಎಚ್‌ಡಿಎಂಐ ಕೇಬಲ್ ಸುತ್ತಿ ಬೀರುವಿಗೆ ಹಾಕಿದ್ದೇನೆ.